ಸ್ಟೆಪ್ನಿಯ ಭಾರ

ಕಾದ ಟಯರಿನ ವಾಸನೆ ಮೂಗಿಗೆ ಬಡಿದರೆ ಈಗಲೂ ಹಲ್ಲು ಕಡಿಯುತ್ತೇನೆ.

ನನ್ನ ಚಿಕ್ಕಂದಿನಲ್ಲಿ ಒಂದು ದಿನ, ಮಾವನ ಮೀನಿನ ಟೆಂಪೋದಲ್ಲಿ ನಾವೂ ಹೊರಡುವಾಗ ಅಮ್ಮ ಹೇಳಿದ್ದಳು, "ಅಣ್ಣಾ, ಸ್ಟೆಪ್ನಿ ಇರ್ಲಿ." "ಸುಮ್ನೆ ಭಾರ" ಎಂದ ಮಾವ ಆ ಹೆಚ್ಚುವರಿ ಚಕ್ರವನ್ನು ಇಳಿಸಿ, ಆ ಜಾಗಕ್ಕೆ ಇನ್ನೊಂದು ಪೆಟ್ಟಿಗೆ ಬಂಗುಡೆ ತುರುಕಿದ. ಬ್ರಹ್ಮಾವರ ಮುಟ್ಟುವ ಮೊದಲೇ, ಸಾಸ್ತಾನದ ಬಿಸಿಲಲ್ಲಿ ಟಯರ್ ಒಡೆಯಿತು. ಐಸ್ ಕರಗಿ ಮೀನಿನ ನೀರು ಡಾಂಬರಿನ ಮೇಲೆ ಹರಿಯಿತು. ನೆರೆದವರ ಎದುರು ಮಾವ ಅಮ್ಮನತ್ತ ಕೈ ತೋರಿಸಿದ: "ಇವ್ಳ ಭಾರಕ್ಕೇ ಒಡದ್ದ್!" ಜನ ನಕ್ಕರು. ಅಮ್ಮ ತನ್ನ ಮೀನಿನ ಬುಟ್ಟಿ ಹೊತ್ತು, ನನ್ನ ಕೈ ಹಿಡಿದು ನಡೆದಳು.

ಮೊನ್ನೆ ಅದೇ ರಸ್ತೆಯಲ್ಲಿ ಮಾವನ ಟೆಂಪೋ ಪಂಕ್ಚರಾಗಿ ನಿಂತಿತ್ತು. ನನ್ನ ಟೆಂಪೋ ಕಂಡು ಓಡಿ ಬಂದ. "ಹ್ವಾಯ್, ಸ್ಟೆಪ್ನಿ ಇತ್ತಾ?"

"ಇತ್ತ್ ಮಾವ. ಸುಮ್ನೆ ಭಾರ, ನಿಮ್ಗೆಂತಕ್ಕೆ?" ಎಂದು, ಹಿಂದೆ ಕಟ್ಟಿದ್ದ ಸ್ಟೆಪ್ನಿ ತೋರಿಸಿ ಗೇರ್ ಹಾಕಿದೆ.

ಕನ್ನಡಿಯಲ್ಲಿ ನೋಡಿದೆ. ಅವನ ಪೆಟ್ಟಿಗೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು.