ಎಡಗೈಯ ಬಳೆಗಳು

ಡಾಕ್ಟರ್ ಶ್ರೀಲೇಖಾ ಪಟ್ಟಿ ಬಿಚ್ಚುತ್ತಿದ್ದಂತೆ ಕಸ್ತೂರಬಾಯಿ ಮುಖ ತಿರುಗಿಸಿಕೊಂಡರು. ಎಡ ಮಣಿಕಟ್ಟಿನ ಮೇಲಿನ ಗಾಯ ಮತ್ತೆ ಒದ್ದೆಯಾಗಿತ್ತು. ಟ್ರಂಕಿನ ಚಿಲಕ ಗೀರಿದ ಇಷ್ಟೇ ಇಷ್ಟು ಗಾಯ. ಯುಗಾದಿಯಲ್ಲಿ ಆದದ್ದು ದಸರೆ ಬಂದರೂ ಮಾಯದೆ, ಗಂಡ ಹೆಂಡಿರಿಬ್ಬರನ್ನೂ ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಎಸ್.ಟಿ. ಬಸ್ಸಿನಲ್ಲಿ ಓಡಾಡಿಸಿ ಹಣ್ಣುಗಾಯಿ ಮಾಡಿತ್ತು.

"ಆಕಿಗೆ ಸಕ್ಕರಿ ಬ್ಯಾನಿ ಸುದ್ದಾ ಇಲ್ಲರಿ. ಮತ್ತ್ಯಾಕ ಮಾಯವಲ್ದು?" ಎಂದರು ಪಕ್ಕದ ಕುರ್ಚಿಯಲ್ಲಿದ್ದ ಗಂಡ ಚನ್ನವೀರಪ್ಪ.

"ವಯಸ್ಸು, ಅಜ್ಜಾರ." ಡಾಕ್ಟರಿಗೂ ಇದನ್ನೇ ಹೇಳಿ ಹೇಳಿ ಸಾಕಾಗಿತ್ತು. "ಚರ್ಮ ಹರದ್ರ ಅಲ್ಲಿರೋ ಜೀವಕಣ ಕೂಗತಾವ. ರಕ್ತದಾಗಿನ ರಕ್ಷಣಾ ಕಣ ಓಡಿ ಬಂದು, ಹೊಲಸು ತಗದು, ಹೊಸಾ ಚರ್ಮಕ್ಕ ಬೆಳಿ ಅಂತ ಹೇಳಿ ತಾವು ಹೋಗಬೇಕು. ಈ ವಯಸ್ಸಿನಾಗ ಕೂಗಿದ್ದು ಲಗೂನ ಕೇಳಂಗಿಲ್ಲ. ತಡಾ ಮಾಡಿ ಬರ್ತಾವ. ಬಂದಮ್ಯಾಲ ಹೋಗಂಗಿಲ್ಲ, ಅಲ್ಲೇ ಗದ್ದಲ ಹಾಕ್ಕೋತ ಕುಂದ್ರತಾವ."

"ನಮ್ಮ ಹಮಾಲರ ಹಂಗ," ಎಂದರು ಚನ್ನವೀರಪ್ಪ. ಧಾನ್ಯದ ಆಡತಿ ಅಂಗಡಿಯಲ್ಲಿ ಜನ್ಮವಿಡೀ ಕೂಲಿಯವರಿಂದ ಜೋಳ, ತೊಗರಿ ಚೀಲ ಇಳಿಸಿಕೊಂಡವರಿಗೆ ಮಾತು ತಟ್ಟನೆ ತಿಳಿಯಿತು.

"ಅಂಥಾದ್ರಾಗೂ ಅಂಚಿಗೆ ಹೊಸಾ ಚರ್ಮ ಬರಾಕತ್ತದ, ನೋಡ್ರಿ. ಉಳ್ಳಾಗಡ್ಡಿ ಪೊರಿಯಷ್ಟು ತೆಳ್ಳಗ. ಅದನ್ನ ಇವು ದಿನಾ ಕೆರದು ಒಗೀತಾವ." ಅವಳು ಪೆನ್ನಿನ ತುದಿಯಿಂದ ಹಸಿರು ಗಾಜಿನ ಬಳೆಗಳನ್ನು ಮುಟ್ಟಿದಳು. "ಆಯಿ, ಹೋದ ಸಲಾನೂ ಹೇಳೀನಿ. ಈ ಕೈಯಾಗಿನ ಬಳಿ ತೆಗೀರಿ. ಇಲ್ಲಂದ್ರ ತೊಡಿ ಮ್ಯಾಲಿನ ಚರ್ಮ ತಗದು ಇಲ್ಲಿ ಹಚ್ಚಬೇಕಾಗತದ. ಅದೂ ಹಿಡೀತದ ಅಂತ ಹೇಳಾಕ ಆಗಂಗಿಲ್ಲ."

ಕಸ್ತೂರಬಾಯಿ ಗಂಡನ ಕಡೆ ಗದ್ದ ತೋರಿಸಿದರು. "ಇವರು ಎದುರಿಗೇ ಕುಂತಾರಲ್ಲ, ತಂಗಿ."

ಹೊಸ ಬಳೆ ಇಡಿಸಿಕೊಳ್ಳುವಾಗಲೂ ಹಳೆಯದೊಂದನ್ನು ಕೈಯಲ್ಲೇ ಉಳಿಸಿಕೊಳ್ಳುವ ಮನೆತನ ಅವರದು. ಹೆಂಗಸಿನ ಕೈ ಬರಿದಾಗುವುದು ಗಂಡ ಹೋದ ದಿನ ಮಾತ್ರ. ನಾಗಣಸೂರಿನಲ್ಲಿ ಅಕ್ಕನ ಗಂಡ ತೀರಿಕೊಂಡಾಗ ಅವಳ ಕೈ ಹಿಡಿದು ಬಳೆ ತೆಗೆಸಿದವರಲ್ಲಿ ಕಸ್ತೂರಬಾಯಿಯೂ ಒಬ್ಬರು. ಆಮೇಲೆ ಆ ಕೈ ಎಷ್ಟು ಹಗುರಾಗಿತ್ತೆಂಬುದು ಅವರಿಗೆ ಮರೆತಿಲ್ಲ. ಮೊನ್ನೆ ಸೊಸೆ ಪೂನಮ ಬಳೆ ಜಾರಿಸಲು ಸೋಪು ಹಿಡಿದು ಬಂದಾಗ, "ನಿಮ್ಮ ಮಾವನ ಮ್ಯಾಲ ಯಾಕವಾ ಇಷ್ಟು ಸಿಟ್ಟು?" ಎಂದು ಕೇಳಿ ಅವಳನ್ನು ಅಳಿಸಿದ್ದರು.

ಮನೆಗೆ ಬಂದ ಚನ್ನವೀರಪ್ಪ ಟೋಪಿ ಕೂಡ ತೆಗೆಯಲಿಲ್ಲ. ಬೋಗುಣಿಯಲ್ಲಿ ಸೋಪಿನ ನೀರು ಮಾಡಿಕೊಂಡು ಹೆಂಡತಿಯ ಎದುರು ಕೂತರು. ಅವರಿಗೂ ಸಾಕಾಗಿ ಹೋಗಿತ್ತು. ಆ ಬಸ್ಸು, ಆ ಪಟ್ಟಿ, ಆ ಮುಲಾಮಿನ ವಾಸನೆ, ಎಲ್ಲವೂ.

"ಕೈ ಕೊಡು."

"ಹುಚ್ಚ ಹಿಡದದೇನ್ರಿ ನಿಮಗ?"

"ನಾ ಹೋದಮ್ಯಾಲ ಮಂದಿ ತೆಗೀತಾರ. ಇವತ್ತ ಜೀವಂತ ಕುಂತು ನಾನ ತೆಗೀತೀನಿ. ಇದರಾಗ ಅಪಶಕುನ ಯಾರಿಗೆ?"

ಕಸ್ತೂರಬಾಯಿ ಮುಖ ತಿರುಗಿಸಿ ಕೈ ಕೊಟ್ಟರು. ಬಳೆಗಳು ಒಂದೊಂದಾಗಿ ಜಾರಿ ಬಂದವು. ಕೊನೆಯದು ಮಾತ್ರ ಬಾತ ಕೈಯನ್ನು ದಾಟಲೊಲ್ಲದು. ಚನ್ನವೀರಪ್ಪ ಟಾವೆಲಿನ ಅಂಚನ್ನು ಅದರ ಕೆಳಗೆ ತುರುಕಿ, ಬಳೆಯನ್ನು ಇಕ್ಕಳದಿಂದ ಅದುಮಿದರು. ಚಟ್ ಎಂದಾಗ ಇಬ್ಬರ ಕಣ್ಣೂ ಮುಚ್ಚಿದ್ದವು.

ವಾರ ಕಳೆಯುವಷ್ಟರಲ್ಲಿ ಗಾಯ ಒಣಗತೊಡಗಿತು. "ಅತ್ತಿ, ಈ ಸಲ ಪೊರಿ ಉಳದದರಿ," ಎಂದಳು ಪಟ್ಟಿ ಕಟ್ಟುತ್ತಿದ್ದ ಪೂನಮ. ಕಸ್ತೂರಬಾಯಿ ಹೂಂ ಎಂದರು, ಅಷ್ಟೆ. ಅವರ ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪಿತ್ತು.

ಮಧ್ಯಾಹ್ನ ಊಟ ಮುಗಿಸಿ ಚನ್ನವೀರಪ್ಪ ಜಮಖಾನೆಯ ಮೇಲೆ ಒರಗಿದರು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಇನ್ನು ಸ್ವಲ್ಪ ಹೊತ್ತಿಗೆ ನಿಂತಿತು. ಕಸ್ತೂರಬಾಯಿ ದಿನದಂತೆ ಮೆಲ್ಲಗೆ ಹತ್ತಿರ ಸರಿದರು. ಸದ್ದು ಮಾಡಲು ಎಡಗೈಯಲ್ಲಿ ಏನೂ ಇರಲಿಲ್ಲ. ಆ ಬರಿಗೈಯನ್ನು ಗಂಡನ ಮೂಗಿನ ಬಳಿ ಹಿಡಿದರು.

ಚನ್ನವೀರಪ್ಪ ಕಣ್ಣು ತೆರೆಯಲಿಲ್ಲ.

"ಇನ್ನೂ ಅದೀನಿ," ಎಂದರು. "ಮಲ್ಕೊ."