ಇದ್ದಿಲು ಕೊಠಡಿಯ ಅಗುಳಿ

ಕಬ್ಬಿಣ ಕರಗಿಸುವ ಕುಲುಮೆಯ ಒಡೆಯನಾದ ದೊರೆ ತನ್ನ ಬಂಗಲೆಯನ್ನೂ ಅದರ ಹಿಂದಿನ ಕುದುರೆ ಲಾಯ, ಅಡುಗೆಮನೆ, ಇದ್ದಿಲು ಕೊಠಡಿಗಳನ್ನೂ ಕಲ್ಲಿನಲ್ಲೇ ಕಟ್ಟಿಸಿದ್ದ. ಕುಲುಮೆಯ ಗೋಡೆ ಬಿರಿದು, ಕರಗಿದ ಕಬ್ಬಿಣ ಹರಿದು ಏಳು ಕೂಲಿಗಳು ಸತ್ತ ಮರುವಾರ, ಆ ಕೊಠಡಿಯ ಇದ್ದಿಲನ್ನೆಲ್ಲ ಹೊರಗೆ ಹಾಕಿಸಿ ಕಮ್ಮಾರ ಮೌನೇಶನನ್ನು ಕರೆಸಿದ.

"ಕಿಟಕಿಗೆ ದಪ್ಪ ಸರಳು ಹಾಕು. ಬಾಗಿಲಿಗೆ ಹೊರಗಡೆಯಿಂದ ಅಗುಳಿ, ಬೀಗ. ಒಳಗಿದ್ದವನು ಎಷ್ಟು ಗುದ್ದಿದರೂ ಅಲುಗಾಡಬಾರದು."

"ಯಾರನ್ನ ಕೂಡಿಹಾಕೋಕೆ ದೊರೆ?"

"ಕೆಲಸ ಮುಗಿಸು, ಗೊತ್ತಾಗುತ್ತೆ."

ಕುಲುಮೆಯ ಗೋಡೆ ಬಿರುಕು ಬಿಟ್ಟಿದೆ, ಬೆಂಕಿ ಹಾಕಿಸಬೇಡಿ ಎಂದು ಮೊದಲೇ ಎಲ್ಲರೆದುರು ದೊರೆಗೆ ಹೇಳಿದ್ದವನು ಮೌನೇಶನೊಬ್ಬನೇ.

"ನನ್ನ ಬಾಯಿ ಮುಚ್ಚಿಸೋಕೇ ಇದು," ಎಂದು ಹೆಂಡತಿ ಕಾಳಮ್ಮನ ಹತ್ತಿರ ಹೇಳಿಕೊಂಡ.

"ಹಂಗಾದ್ರೆ ಈಗ್ಲೇ ಊರು ಬಿಡೋಣ ನಡೀರಿ."

"ಅವನ ಕಾವಲಿನವರು ದಾರೀಲೇ ಹಿಡೀತಾರೆ ಕಣೇ."

ಐದನೆಯ ದಿನ ಸಂಜೆ ಕೆಲಸ ಮುಗಿಯಿತು. ದೊರೆ ಒಬ್ಬನೇ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿದ್ದವು. ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದ. ಆಮೇಲೆ ಬಾಗಿಲು ತೆರೆದು, "ಬಾ ಇಲ್ಲಿ," ಎಂದ.

ಮೌನೇಶ ಕದಲಲಿಲ್ಲ. "ಮನೇಲಿ ಚಿಕ್ಕ ಮಕ್ಕಳಿದ್ದಾರೆ ದೊರೆ," ಎಂದು ಕೈಮುಗಿದ.

ದೊರೆ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು, ತಾನೇ ಕೊಠಡಿಯೊಳಗೆ ಹೋಗಿ ನಿಂತ.

"ಕತ್ತಲಾದರೆ ಸಾಕು, ಆ ಏಳು ಜನ ನನ್ನನ್ನ ಕುಲುಮೆಗೆ ಕರೀತಾರೆ, ನಾನೂ ಎದ್ದು ಹೋಗ್ತೀನಿ. ಬೀಗ ಹಾಕು; ಬೆಳಗಾಗೋವರೆಗೂ ಎಷ್ಟೇ ಕೂಗಿದರೂ ತೆಗೀಬೇಡ."