ತಾತನ ಇಂಜಿನ್ನಿಗೆ ಮಸಿ

ಥಿನ್ನರ್ ವಾಸನೆ ಬಡಿದರೆ ನನಗೆ ಇಂದಿಗೂ ಘಾಟಿಯಂಚಿನ ನಮ್ಮೂರು ದೋಣಿಗಲ್ಲಿನ ಆ ಮಧ್ಯಾಹ್ನ ನೆನಪಾಗುತ್ತದೆ.

ರೈಲು ಓಡಿಸಿ ನಿವೃತ್ತರಾಗಿದ್ದ ತಾತನಿಗೆಂದು ಅತ್ತೆ ಗೇಣುದ್ದದ ಮಾದರಿ ಇಂಜಿನ್ ಮಾಡಿ, ಏರ್‌ಬ್ರಷ್‌ನಿಂದ ಬಣ್ಣ ಊದುತ್ತಿದ್ದಳು. ಅರ್ಧದಲ್ಲೇ ಬ್ರಷ್ಷಿನ ಮೂತಿ ಕಟ್ಟಿಕೊಂಡು ಬಣ್ಣ ಹನಿಹನಿಯಾಗಿ ಸಿಡಿಯತೊಡಗಿತು. ಅತ್ತೆ ಬ್ರಷ್ಷನ್ನು ಬಿಚ್ಚಿ, ಒಳಗಿನ ಸೂಜಿಯನ್ನು ನನ್ನ ಕೈಗಿಟ್ಟಳು.

“ಮೆತ್ತಗೆ ಒರೆಸು ಕಣೇ. ತುದಿ ಬಗ್ಗಿದ್ರೆ ಕೆಟ್ಟೋಗ್ಬುಡ್ತದೆ, ಬೇರೆ ಸೂಜಿ ಇಲ್ಲೆಲ್ಲೂ ಸಿಗಲ್ಲ.”

ಥಿನ್ನರಿನಲ್ಲಿ ಅದ್ದಿದ ಹಳೇ ಪಂಚೆಯ ಚೂರಿನಿಂದ ಉಸಿರು ಬಿಗಿಹಿಡಿದು ಒರೆಸಿದೆ. ಮತ್ತೆ ಜೋಡಿಸಿ ಒತ್ತಿದಾಗ ಬಣ್ಣ ನುಣ್ಣಗೆ ಹರಡಿತು.

ಒಣಗಿದ ಇಂಜಿನ್ನನ್ನು ತಾತ ತಿರುಗಿಸಿ ತಿರುಗಿಸಿ ನೋಡಿದರು. “ಘಾಟಿ ಹತ್ತೋ ಇಂಜಿನ್ನು ಇಷ್ಟು ಚೊಕ್ಕ ಇರ್ತದೇನೇ? ಮಸಿ ಎಲ್ಲೈತೆ?”

ಅತ್ತೆ ನಗುತ್ತಾ ಕಪ್ಪು ಬಣ್ಣ ತುಂಬಿ ಏರ್‌ಬ್ರಷ್ಷನ್ನು ನನಗೇ ಕೊಟ್ಟಳು. ತಾತ ಬೆರಳಿಟ್ಟು ತೋರಿಸಿದಲ್ಲೆಲ್ಲ ನಾನು ಮಸಿ ಹೊಡೆದೆ.